ಅಳಗುಳಿ ಮಣೆಯ ಎಂಟು ವಾಲ್ವುಗಳು

ಕಳೆದ ತಿಂಗಳು ನನ್ನ ಅಳಿಯನ ಕಾರು ಮುನಿಸಿಕೊಂಡಿತು. ನಿಂತಲ್ಲಿ ನಡುಗುವುದು, ಏರು ಬಂದರೆ ಏದುಸಿರು ಬಿಡುವುದು. ಮಧುಗಿರಿಯ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಎಂಜಿನ್ನಿನ ಮಗ್ಗುಲಿನಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ವಸ್ತುವನ್ನು ಹೊರಗೆಳೆದು ತೋರಿಸಿದ. ಅದರ ತುದಿಯ ಸಣ್ಣ ಜಾಲರಿಯ ತುಂಬ ಹಳೆ ಆಯಿಲಿನ ಗಸಿ. "ಅಂಕಲ್, ವಾಲ್ವು ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅನ್ನೋದನ್ನ ಗಾಡಿ ಸ್ಪೀಡು ನೋಡ್ಕೊಂಡು ಇದೇ ಹಿಂದೆ ಮುಂದೆ ಮಾಡುತ್ತೆ. ಆಯಿಲ್ ಸರಿಯಾಗಿ ಬದಲಾಯಿಸದೇ ಇದ್ರೆ ಇದರ ಗಂಟಲು ಕಟ್ಟುತ್ತೆ" ಎಂದು ವಿವರಿಸಿ, ಯಾವುದೋ ಡಬ್ಬಿಯಿಂದ ಪುಸ್ಸೆಂದು ಹೊಡೆದು ತೊಳೆದು, ಬಟ್ಟೆಯಲ್ಲಿ ಒರೆಸಿದ. ಇನ್ನೇನು ವಾಪಸ್ ಹಾಕಬೇಕು, ಅಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. "ಹಲ್ಲಿಗೆ ಹಚ್ಚಿ ನೋಡಿದೆಯೇನಪ್ಪ?" ಎಂದು ಕೇಳಿಬಿಟ್ಟೆ.

ಅವನು ನನ್ನ ಅಳಿಯನ ಮುಖ ನೋಡಿದ. ಅಳಿಯ ಆಕಾಶ ನೋಡಿದ. ನಾನು ಹೋಗಿ ದೂರದ ಬೆಂಚಿನ ಮೇಲೆ ಕುಳಿತೆ.

ತಪ್ಪು ಅವರಿಬ್ಬರದೂ ಅಲ್ಲ. ಹಾಗೆ ಹಲ್ಲಿಗೆ ಹಚ್ಚಿ ನೋಡುತ್ತಿದ್ದ ಒಬ್ಬ ಹೆಂಗಸು ಶಿರಾದಲ್ಲಿದ್ದರು, ನಾನು ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ. ಎಪ್ಪತ್ತರ ದಶಕದ ಕೊನೆ, ಎಂಬತ್ತರ ಮೊದಲ ವರ್ಷಗಳು. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಬರೆಯಬಾರದೆಂದಲ್ಲ, ನನಗೆ ಗೊತ್ತೇ ಇಲ್ಲ. ನಾನು ಅಕ್ಕ ಎನ್ನುತ್ತಿದ್ದೆ, ಅವರು ಅಣ್ಣ ಎನ್ನುತ್ತಿದ್ದರು, ಅವರ ಗಂಡ "ಏಯ್" ಎನ್ನುತ್ತಿದ್ದ. ಹೆಸರು ಬೇಕಾಗುವ ಸಂದರ್ಭವೇ ಬರಲಿಲ್ಲ. ಈಗ ಎಲ್ಲಿದ್ದಾರೋ ಅದೂ ತಿಳಿಯದು. ಗಂಡ ಹೆಂಡತಿ ಇಬ್ಬರೂ ಮಗಳ ಊರಿಗೆ ಹೋದರು ಎಂದು ಯಾರೋ ಹೇಳಿದ್ದರು.

ನನ್ನ ಬಳಿ ಆಗ ಒಂದು ಹಳೆ ಅಂಬಾಸಿಡರ್ ಇತ್ತು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ, ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗುವುದು. ಮದುವೆ, ಆಸ್ಪತ್ರೆ, ಕೋರ್ಟು, ಸಿದ್ದರಬೆಟ್ಟ. ಐದು ಜನರ ಗಾಡಿಗೆ ಹತ್ತು ಜನ ಹತ್ತುತ್ತಿದ್ದರು, ನಾನೂ ಹತ್ತಿಸುತ್ತಿದ್ದೆ. ಗಾಡಿ ಕೆಟ್ಟರೆ ಶಿರಾದ ಒಂದೇ ಶೆಡ್ಡಿಗೆ ಒಯ್ಯುತ್ತಿದ್ದೆ. ತಗಡಿನ ಸೂರು, ಮುಂದೊಂದು ಹೊಂಗೆ ಮರ, ಹಿಂದೆ ಎರಡು ಕೋಣೆಯ ಹೆಂಚಿನ ಮನೆ. ಶೆಡ್ಡಿನ ಯಜಮಾನರು ಒಬ್ಬ ವಯಸ್ಸಾದ ಸಾಹೇಬರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಅವರು ಸ್ಪ್ಯಾನರ್ ಹಿಡಿಯುವುದು ಬಿಟ್ಟು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕಿವಿಯಲ್ಲಿ ಕೆಲಸ ಮಾಡುತ್ತಿದ್ದರು. ಕೈಯ ಕೆಲಸವೆಲ್ಲ ಅವರು ತಯಾರು ಮಾಡಿದ ಮೆಕ್ಯಾನಿಕ್ಕಿನದು. ಅಕ್ಕನ ಗಂಡ ಅವನೇ. ಹಿಂದಿನ ಹೆಂಚಿನ ಮನೆಯಲ್ಲಿ ಗಂಡ ಹೆಂಡತಿ ಇದ್ದರು.

ಆ ಶೆಡ್ಡಿಗೆ ಒಂದು ಹೆಸರಿತ್ತು. ಅಲ್ಲಿ ವಾಲ್ವು ಕೂರಿಸಿದರೆ ವರ್ಷಗಟ್ಟಲೆ ತಿರುಗಿ ನೋಡುವ ಹಾಗಿಲ್ಲ ಅಂತ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಎನ್ನುತ್ತಾರೆ, ಅದರಲ್ಲಿ ಎಂಟು ವಾಲ್ವುಗಳು, ಅಣಬೆಯ ಆಕಾರದವು. ತಮ್ಮ ತಮ್ಮ ಗುಳಿಯಲ್ಲಿ ಅವು ಒಂದಿಷ್ಟೂ ಸಂದಿಲ್ಲದೆ ಕೂರಬೇಕು. ಸಂದಿದ್ದರೆ ಗಾಳಿ ಸೋರಿ ಗಾಡಿ ಸೊರಗುತ್ತದೆ. ಅದಕ್ಕೆ ಕರಿ ಮಸಿಯೆಲ್ಲ ಕೆರೆದು ತೆಗೆದು, ವಾಲ್ವಿಗೆ ಮರಳು ಮರಳಾದ ಪೇಸ್ಟು ಸವರಿ, ತಲೆಗೆ ರಬ್ಬರಿನ ಕಪ್ಪಿರುವ ಕೋಲು ಅಂಟಿಸಿ, ಎರಡು ಅಂಗೈ ನಡುವೆ ಆ ಕೋಲನ್ನು ತಿರುಗಿಸಬೇಕು. ಪುಟ್ಟ ಚೆಂಬಿನಲ್ಲಿ ಮೊಸರು ಕಡೆಯುತ್ತೇವಲ್ಲ, ಅದೇ ಕೆಲಸ. ಒಂದೊಂದು ವಾಲ್ವಿಗೂ ತಾಸು ಹಿಡಿಯುತ್ತದೆ. ಕೈ ಒಂದು ಕಡೆ ಭಾರ ಬಿದ್ದರೂ ಕೆಟ್ಟಿತು. ಅಕ್ಕನ ಗಂಡ ಏನೋ ಗುಟ್ಟಿನ ಪೇಸ್ಟು ಕಲಸುತ್ತಾನೆ, ಅದಕ್ಕೇ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಮನೆಯೊಳಗೆ ಒಯ್ಯುತ್ತಾನೆ ಎಂದು ಡ್ರೈವರುಗಳೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಗುಟ್ಟು ಗೊತ್ತಾದದ್ದು ಬಾಯಾರಿಕೆಯಿಂದ. ಬೇಸಿಗೆಯ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನೀರು ಕೇಳೋಣವೆಂದು ಹಿಂದಿನ ಬಾಗಿಲಿಗೆ ಹೋದೆ. ನಡುಮನೆಯಲ್ಲಿ ನನ್ನದೇ ಗಾಡಿಯ ಹೆಡ್ಡು ಗೋಣಿಯ ಮೇಲೆ ಮಲಗಿತ್ತು. ಅದರ ಮುಂದೆ ಅಕ್ಕ ಮಂಡಿ ಮಡಿಸಿ ಕುಳಿತು ಕೋಲು ತಿರುಗಿಸುತ್ತಿದ್ದರು. ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸದ್ದಾಗದಂತೆ ಅವುಗಳ ಮೇಲೆ ಹಳೆ ಪಂಚೆಯ ಚೂರು ಸುತ್ತಿಕೊಂಡಿದ್ದರು. ಡ್ರೈವರುಗಳು ಯಾರೂ ಒಳಗೆ ಬಾರದ ಮನೆಯಲ್ಲಿ ನನ್ನನ್ನು ಕಂಡು ಅವರ ಕೈ ನಿಂತಿತು. ನನಗೋ ಕೋಪ ಬಂತು. ನನ್ನ ಗಾಡಿಯನ್ನು ಹೆಂಗಸಿನ ಕೈಗೆ ಕೊಟ್ಟಿದ್ದಾನಲ್ಲ ಎಂಬ ಕೋಪ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ, ಅವತ್ತು ಆಗಲಿಲ್ಲ.

"ಅಣ್ಣಾ, ಹೊರಗೆ ಹೇಳಬ್ಯಾಡ. ಹೆಂಗ್ಸು ಕಡೆದವಳೆ ಅಂದ್ರೆ ನಾಳೆಯಿಂದ ಒಂದು ಗಾಡೀನೂ ಬರಾಕಿಲ್ಲ" ಎಂದರು ಅಕ್ಕ.

"ಎಷ್ಟು ದಿನದಿಂದ ನಡೀತಿದೆ ಇದು?"

"ನಿನ್ನ ಗಾಡಿ ಎಷ್ಟು ದಿನದಿಂದ ಚೆನ್ನಾಗಿ ಓಡ್ತಾ ಐತೆ?"

ನಾನು ನೀರು ಕುಡಿದು ಬಾಯಿ ಮುಚ್ಚಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ. ದೊಡ್ಡತನದಿಂದಲ್ಲ, ಗಾಡಿ ನಿಜಕ್ಕೂ ಚೆನ್ನಾಗಿ ಓಡುತ್ತಿತ್ತು.

ಆಮೇಲೆ ಅಕ್ಕ ನನ್ನ ಎದುರು ಮುಚ್ಚುಮರೆ ಬಿಟ್ಟರು. ಗಾಡಿ ಬಿಚ್ಚಿದಾಗಲೆಲ್ಲ ನಾನು ಹಿಂದಿನ ಜಗುಲಿಯಲ್ಲಿ ಕುಳಿತು ಅವರ ಮಾತು ಕೇಳುತ್ತಿದ್ದೆ. ಅವರ ತವರು ಪಾವಗಡದ ಕಡೆ, ಕ್ಯಾತಗಾನಚೆರ್ಲು ಹತ್ತಿರದ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಮಾತಿನ ನಡುವೆ ತೆಲುಗು ನುಗ್ಗುತ್ತಿತ್ತು. ವಾಲ್ವಿಗೆ ಬುದ್ಧಿ ಹೇಳುವಾಗಲಂತೂ ಪೂರ್ತಿ ತೆಲುಗೇ. "ನಿದಾನಂಗಾ ತಲ್ಲೀ, ನಿದಾನಂಗಾ" ಎಂದು, ಅಂದರೆ ಮೆಲ್ಲಗೆ ತಾಯಿ ಮೆಲ್ಲಗೆ ಎಂದು, ಮಗುವಿಗೆ ಅನ್ನ ತಿನ್ನಿಸುವವರ ದನಿಯಲ್ಲಿ ಹೇಳುತ್ತಿದ್ದರು. ಈ ಕೆಲಸ ಕಲಿತದ್ದು ಹೇಗೆಂದು ಕೇಳಿದರೆ, ಕಲಿತೇ ಇಲ್ಲ ಎನ್ನುತ್ತಿದ್ದರು. ಮದುವೆಯಾದ ಮರುವರ್ಷ ಗಂಡ ಒಂದು ಹೆಡ್ಡನ್ನು ಮನೆಗೆ ತಂದು ಕಡೆಯುತ್ತಿದ್ದನಂತೆ. ಇವರು ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದರಂತೆ. "ಅವುರ ಕೈಗೆ ಅವಸರ ಜಾಸ್ತಿ ಕಣಣ್ಣ. ಬೈಕೊಂಡು ಬೈಕೊಂಡು ಕಡೀತಿದ್ರು. ಬೈದ್ರೆ ಮೊಸರೂ ಬೆಣ್ಣೆ ಬುಡಾಕಿಲ್ಲ, ಇದು ಬುಡ್ತದಾ? ಇತ್ತ ಕೊಡಿ ಅಂದೆ. ಇಸ್ಕಂಡಿದ್ದು ಇವತ್ತಿಗೂ ವಾಪಸ್ ಕೊಟ್ಟಿಲ್ಲ."

ಅವರ ಗಂಡ ದಡ್ಡನಲ್ಲ. ಟೈಮಿಂಗ್ ಚೈನಿನ ಗುರುತು ಕೂಡಿಸುವುದು, ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸಂದು ಹಿಡಿಯುವುದು, ಗೇರುಬಾಕ್ಸು ಇವುಗಳಲ್ಲಿ ಅವನ ಸಮ ಸುತ್ತಮುತ್ತ ಇರಲಿಲ್ಲ. ಕೂತು ಮಾಡುವ ಕೆಲಸ ಮಾತ್ರ ಅವನ ಜಾಯಮಾನಕ್ಕೆ ಒಗ್ಗದು.

ಅಕ್ಕನಿಗೆ ಒಂದು ಅಳಗುಳಿ ಮಣೆ ಇತ್ತು. ತವರಿನಿಂದ ತಂದದ್ದು, ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಸೆ ಬೀಜ ಹಾಕಿ ಆಡಬೇಕಾದ ಆ ಗುಳಿಗಳಲ್ಲಿ ವಾಲ್ವುಗಳನ್ನು ನಿಲ್ಲಿಸುತ್ತಿದ್ದರು. ಮೇಲಿನ ಸಾಲಿನಲ್ಲಿ ದೊಡ್ಡವು ನಾಲ್ಕು, ಕೆಳಗಿನ ಸಾಲಿನಲ್ಲಿ ಚಿಕ್ಕವು ನಾಲ್ಕು, ಹೆಡ್ಡಿನಲ್ಲಿ ಎಲ್ಲಿದ್ದವೋ ಅದೇ ಕ್ರಮದಲ್ಲಿ. ಹೆಡ್ಡಿನ ಒಂದು ಗುಳಿಯಲ್ಲಿ ಕಡೆದ ವಾಲ್ವು ಆ ಗುಳಿಗೇ ಸೇರಬೇಕು, ಪಕ್ಕದ್ದಕ್ಕೆ ಕೂರುವುದಿಲ್ಲ. "ಮದುವೆ ಮಾಡ್ತಾ ಇವ್ನಿ" ಎನ್ನುತ್ತಿದ್ದರು. "ಮೊದ್ಲು ಜಗಳ ಆಡ್ತವೆ, ಕೇಳು, ಚರಚರ ಅಂತವೆ. ಆಮೇಲೆ ಪಿಸುಗುಟ್ತವೆ. ಆಮೇಲೆ ಸುಮ್ಕಾಗ್ತವೆ. ಸುಮ್ಕಾದ್ವು ಅಂತ ಎದ್ದು ಹೋಗಬಾರ್ದು. ಇನ್ನೂ ಒಸಿ ಹೊತ್ತು ಕುಂತಿರಬೇಕು."

ಕಡೆದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯುವುದು. ಪೇಸ್ಟಿನ ಒಂದು ಕಣ ಉಳಿದರೂ ಅದು ಎಂಜಿನ್ನಿನೊಳಗೆ ಇಳಿದು ಎಲ್ಲವನ್ನೂ ಉಜ್ಜಿ ಹಾಳು ಮಾಡುತ್ತದೆ. ಅಕ್ಕ ಮೂರು ಸಲ ತೊಳೆದು, ಬೆರಳಿನಿಂದ ಸವರಿ, ಆ ಬೆರಳನ್ನು ಮುಂದಿನ ಹಲ್ಲಿಗೆ ಉಜ್ಜುತ್ತಿದ್ದರು. ರಾಗಿ ಹಿಟ್ಟಿನಲ್ಲಿ ಮರಳಿದೆಯೇ ಎಂದು ನೋಡುವ ಹಾಗೆ. ಕರಕ್ ಎಂದರೆ ಮತ್ತೆ ತೊಳೆಯುವುದು. ಸೀಮೆಎಣ್ಣೆ ವಾಸನೆಗೆ ನಾನು ಮುಖ ಕಿವಿಚಿದರೆ, "ನಿನ್ನ ಗಾಡಿ ಹೊಟ್ಟೆ ನೋಯಬಾರ್ದು ಅಂತ ನನ್ನ ಬಾಯಿ ಕೆಡಿಸ್ಕತಾ ಇವ್ನಿ, ನೀನು ಮುಖ ತಿರುಗಿಸ್ಕ" ಎಂದು ಹಂಗಿಸುತ್ತಿದ್ದರು.

ಒಮ್ಮೆ ನನ್ನ ಒಂದು ವಾಲ್ವಿನ ಅಂಚು ಸುಟ್ಟು ಹೋಗಿತ್ತು. ಅದನ್ನು ಬೆಳಕಿಗೆ ಹಿಡಿದು, "ಟ್ಯಾಪೆಟ್ ಬೇರೆ ಕಡೆ ಮುಟ್ಟಿಸಿದೀಯಾ" ಎಂದರು. ನಾನು ಬೆವೆತೆ. ನಿಜ, ಒಬ್ಬ ದೊಡ್ಡ ಮನುಷ್ಯರ ಮದುವೆಗೆ ಬಾಡಿಗೆ ಒಪ್ಪಿಕೊಂಡು, ಟಿಕಟಿಕ ಸದ್ದು ಅವರ ಕಿವಿಗೆ ಬೀಳಬಾರದೆಂದು ದಾರಿಯಲ್ಲಿ ಯಾರ ಕೈಯಲ್ಲೋ ಟ್ಯಾಪೆಟ್ ಬಿಗಿ ಮಾಡಿಸಿದ್ದೆ. "ಬಿಗಿ ಮಾಡ್ಸಿದ್ರೆ ವಾಲ್ವು ಪೂರ್ತಿ ಮುಚ್ಚಾಕಿಲ್ಲ. ಬೆಂಕಿ ಆ ಸಂದೀಲೇ ನುಗ್ತದೆ. ಸದ್ದು ಮಾಡೋ ಟ್ಯಾಪೆಟ್ ಒಳ್ಳೇದು ಕಣಣ್ಣ, ಬಾಯಿ ಮುಚ್ಚಿಸಿದ್ರೆ ಒಳಗೇ ಸುಡ್ತದೆ" ಎಂದರು. ನನ್ನ ಹೆಂಡತಿ ಆ ದಿನಗಳಲ್ಲಿ ನನ್ನೊಡನೆ ಎಲ್ಲದಕ್ಕೂ ವಾದ ಮಾಡುತ್ತಿದ್ದಳು. ಮನೆಗೆ ಬಂದು ಅವತ್ತು ನಾನು ಎದುರು ಮಾತಾಡಲಿಲ್ಲ. ಅವಳು ಮೈ ಹುಷಾರಿಲ್ಲವೇ ಎಂದು ಕೇಳಿದಳು.

ಆ ವರ್ಷ ಉಸ್ತಾದರು ಶೆಡ್ಡು ಬಿಡುವ ಮಾತೆತ್ತಿದರು. ಪಾವಗಡದಲ್ಲಿ ಮಗಳ ಮನೆ ಇತ್ತು, ಇನ್ನು ಅಲ್ಲೇ ಇರುತ್ತೇನೆಂದರು. ಶೆಡ್ಡೂ ಹಿಂದಿನ ಮನೆಯೂ ಅವರವೇ. ಸಿಮೆಂಟು ವ್ಯಾಪಾರಿಯೊಬ್ಬ ಗೋದಾಮಿಗೆ ಕೇಳುತ್ತಿದ್ದ. ಉಸ್ತಾದರಿಗೆ ಮಾತ್ರ ಅದು ಶೆಡ್ಡಾಗಿಯೇ ಉಳಿಯಲಿ ಎಂಬ ಆಸೆ. ಆದರೆ ಅವರ ಉಸ್ತಾದರ ಕಾಲದಿಂದ ಒಂದು ಕಟ್ಟಳೆ ಇತ್ತು. ಶಿಷ್ಯ ಕೂರಿಸಿದ ಹೆಡ್ಡಿಗೆ ಗುರು ತನ್ನ ಕೈಯಾರೆ ಸೀಮೆಎಣ್ಣೆ ಹೊಯ್ಯಬೇಕು. ಒಂದು ತೊಟ್ಟೂ ಕೆಳಗಿಳಿಯದಿದ್ದರೆ ಶೆಡ್ಡಿನ ಬೀಗದ ಕೈ ಶಿಷ್ಯನಿಗೆ. ಇಳಿದರೆ ಇಲ್ಲ.

"ನಿನ್ನ ಕೈ ನನಗೆ ಗೊತ್ತು ಬೇಟಾ. ಆದ್ರೂ ಕಾಯಿದೆ ಕಾಯಿದೆನೇ. ಹೋಗೋ ಮುಂಚೆ ಒಂದು ಸಲ ನೋಡೇಬಿಡ್ತೀನಿ" ಎಂದರು ಮೆಕ್ಯಾನಿಕ್ಕಿಗೆ. ದಸರೆಯ ಸಮಯ. ಪರೀಕ್ಷೆಗೆ ಸಿಕ್ಕಿದ್ದು ನನ್ನ ಗಾಡಿಯ ಹೆಡ್ಡು. ವಿಜಯದಶಮಿಯ ಬೆಳಗ್ಗೆ ಎಂದು ಗೊತ್ತಾಯಿತು.

ಅಕ್ಕ ಮೂರು ದಿನ ಕಡೆದರು. ಸೋರಿದರೆ ಕೆಲಸದ ಜೊತೆ ಸೂರೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. "ಇದೊಂದು ದಾಟಿದ್ರೆ ಸಾಕು ಕಣಣ್ಣ. ಆಮೇಲೆ ಯಾರೂ ಎಬ್ಬಿಸಂಗಿಲ್ಲ ನಮ್ಮನ್ನ" ಎಂದು ಅಷ್ಟೇ ಹೇಳಿದರು. ಆಯುಧಪೂಜೆಯ ಹಿಂದಿನ ಸಂಜೆ ಎಂಟೂ ವಾಲ್ವುಗಳು ಅಳಗುಳಿ ಮಣೆಯಲ್ಲಿ ಸಿದ್ಧವಾಗಿ ನಿಂತವು. ಪೂಜೆಯ ದಿನ ಹತಾರ ಮುಟ್ಟುವಂತಿಲ್ಲ, ಜೋಡಿಸುವುದು ಮರುದಿನ ಎಂದು ಮಣೆಯನ್ನು ಶೆಡ್ಡಿನ ಮೂಲೆಯಲ್ಲಿ ಇಟ್ಟು, ಅಕ್ಕ ಹಬ್ಬದ ಅಡುಗೆಗೆ ಒಳಗೆ ಹೋದರು.

ಇನ್ನು ಮುಂದಿನದು ನನ್ನ ಘನಕಾರ್ಯ.

ಪೂಜೆಯ ದಿನ ಶೆಡ್ಡಿನ ಮುಂದೆ ಗಾಡಿಗಳಿಗೆಲ್ಲ ಬಾಳೆಕಂದು, ಚೆಂಡುಹೂವಿನ ಹಾರ. ಬೂದುಗುಂಬಳವನ್ನು ಪ್ರತಿವರ್ಷದಂತೆ ಉಸ್ತಾದರೇ ತಂದುಕೊಟ್ಟು, ತಾವು ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನನ್ನ ಗಾಡಿಯೊಂದೇ ತಲೆಯಿಲ್ಲದೆ ಮೂಲೆಯಲ್ಲಿ ನಿಂತಿತ್ತು. ವರ್ಷವಿಡೀ ಅನ್ನ ಹಾಕಿದ ಗಾಡಿಗೆ ಪೂಜೆಯಿಲ್ಲವೇ? ಕಣ್ಣಿಗೆ ಬಿದ್ದದ್ದು ಮಣೆಯಲ್ಲಿನ ವಾಲ್ವುಗಳು. ಗಾಡಿಯ ಜೀವವೇ ಇದು, ಇದಕ್ಕೇ ಪೂಜೆ ಮಾಡಿದರಾಯಿತು ಎನ್ನಿಸಿತು. ಒಂದು ಮುಷ್ಟಿ ಹುಣಸೆಹಣ್ಣು, ಒಲೆಬೂದಿ ತಂದು, ದೀಪದ ಕಂಬ ಬೆಳಗುವ ಹಾಗೆ ಎಂಟನ್ನೂ ಥಳಥಳ ಬೆಳಗಿದೆ. ನೆಲದಲ್ಲಿ ಅಷ್ಟದಳದ ರಂಗೋಲಿ ಇತ್ತು. ಎಂಟು ದಳಕ್ಕೆ ಎಂಟು ವಾಲ್ವು! ಎಣಿಸಿದ ಹಾಗೆ ಕೂತವು. ದೊಡ್ಡದೊಂದು ಚಿಕ್ಕದೊಂದು ಚೆಂದಕ್ಕೆ ಜೋಡಿಸಿ, ವಿಭೂತಿ, ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಕೆನ್ನೆ ಬಡಿದುಕೊಂಡೆ. ಸಂಜೆ ಭಕ್ತಿಯಿಂದ ಮಣೆಗೆ ಹಿಂತಿರುಗಿಸಿದೆ. ದೊಡ್ಡವು ಮೇಲಿನ ಸಾಲು, ಚಿಕ್ಕವು ಕೆಳಗಿನ ಸಾಲು. ನನ್ನ ಮಟ್ಟಿಗೆ ಎಲ್ಲ ಸರಿಯಾಗಿತ್ತು. ಅಕ್ಕ ಹೇಳುತ್ತಿದ್ದ ವಾಲ್ವುಗಳ ಮದುವೆಯ ಮಾತನ್ನು ಅಷ್ಟು ಸಲ ಕೇಳಿಯೂ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಮೆಕ್ಯಾನಿಕ್ಕು ಮಣೆಯ ಕ್ರಮದಲ್ಲೇ ವಾಲ್ವು ಕೂರಿಸಿ ಸ್ಪ್ರಿಂಗು ಬಿಗಿದ. ಹೆಡ್ಡನ್ನು ಎರಡು ಮರದ ತುಂಡುಗಳ ಮೇಲಿಟ್ಟು ಕೆಳಗೆ ದಿನಪತ್ರಿಕೆ ಹಾಸಿದ. ಉಸ್ತಾದರು ಮುಖ ತೊಳೆದು ಬಂದು, ಬಿಸ್ಮಿಲ್ಲಾ ಎಂದು ಸೀಮೆಎಣ್ಣೆ ಹೊಯ್ದರು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಬಾಗಿಲ ಸಂದಿಯಲ್ಲಿ ಅಕ್ಕನ ಸೆರಗು ಕಾಣುತ್ತಿತ್ತು.

ಪತ್ರಿಕೆಯ ಮೇಲೆ ಒಂದು ಮಚ್ಚೆ ಮೂಡಿತು. ಇನ್ನೊಂದು. ನೋಡನೋಡುತ್ತ ಐದು.

ಮೆಕ್ಯಾನಿಕ್ಕಿನ ಮುಖ ಸುಣ್ಣದಂತಾಯಿತು. ಬಾಗಿಲು ದಡಾರನೆ ತೆರೆದು ಅಕ್ಕ ಹೊರಗೆ ಬಂದವರೇ ಖಾಲಿ ಮಣೆ ನೋಡಿದರು, ಅದರ ಗುಳಿಯಲ್ಲಿ ಅಂಟಿದ್ದ ಕುಂಕುಮ ನೋಡಿದರು, ನನ್ನನ್ನು ನೋಡಿದರು.

"ಪೂಜೆ ಮಾಡ್ದೆ ಅಕ್ಕ" ಎಂದೆ. "ತೊಳೆದು, ರಂಗೋಲಿ ಮೇಲಿಟ್ಟು..."

"ಎಂಟು ಮದುವೆ ಕೆಡಿಸ್ಬುಟ್ಟೆಯಲ್ಲಣ್ಣಾ" ಎಂದರು ಅಕ್ಕ. ಬೈಗುಳವಲ್ಲ, ಅಳುವೂ ಅಲ್ಲ. ಅದಕ್ಕಿಂತ ಕೆಟ್ಟದ್ದು ನನಗೆ ಬೇರೆ ಬೇಕಿರಲಿಲ್ಲ. ನಾನು ಉಸ್ತಾದರ ಮುಂದೆ ಕೈಮುಗಿದು ನಡೆದದ್ದನ್ನು ಒದರಿದೆ. ತಪ್ಪು ನನ್ನದು, ಮೆಕ್ಯಾನಿಕ್ಕಿನದಲ್ಲ ಎಂದೆ.

ಉಸ್ತಾದರು ಕುರ್ಚಿಯನ್ನು ಹೆಡ್ಡಿನ ಹತ್ತಿರಕ್ಕೆ ಎಳೆಸಿಕೊಂಡರು. "ಆಯ್ತು. ಬಿಚ್ಚು. ಈಗಲೇ ಇನ್ನೊಂದು ಸಲ ಕಡಿ. ನಾನು ಇಲ್ಲೇ ಕೂತಿರ್ತೀನಿ" ಎಂದರು ಮೆಕ್ಯಾನಿಕ್ಕಿಗೆ.

ಅವನು ಕುಳಿತ. ಕೋಲು ಹಿಡಿದ. ಅಂಗೈ ಬೆವೆತು ಕೋಲು ಜಾರುತ್ತಿತ್ತು. ಒತ್ತಿ ಒತ್ತಿ ತಿರುಗಿಸಿದ. ಉಸ್ತಾದರು ಕಣ್ಣು ಮುಚ್ಚಿ ಆ ಸದ್ದು ಕೇಳಿದರು. ಬಹಳ ಹೊತ್ತೇನೂ ಬೇಕಾಗಲಿಲ್ಲ. "ಇದು ಆ ಕೈ ಅಲ್ಲವಲ್ಲೋ" ಎಂದರು.

ಅವನು ಏನಾದರೂ ಹೇಳಬಹುದಿತ್ತು. ಭಯಕ್ಕೆ ಕೈ ನಡುಗುತ್ತಿದೆ ಎಂದರೂ ನಡೆಯುತ್ತಿತ್ತು. ಕೋಲು ಕೆಳಗಿಟ್ಟು ಎದ್ದ. ಹೆಂಡತಿಯ ಕಡೆ ತಿರುಗಿ, "ಬಾರೇ, ಕುಂತ್ಕ" ಎಂದ. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೋಣಿಯ ಮೇಲೆ ಕುಳಿತರು. ಅಭ್ಯಾಸದಂತೆ ಬಳೆಗಳನ್ನು ಮೇಲೆ ಸರಿಸಿ, ಬಟ್ಟೆಯ ಚೂರು ಕೈಗೆತ್ತಿಕೊಂಡರು. ಒಂದು ಗಳಿಗೆ ನೋಡಿ, ಅದನ್ನು ಪಕ್ಕಕ್ಕೆ ಎಸೆದರು. ಬಳೆಗಳು ಮತ್ತೆ ಮಣಿಕಟ್ಟಿಗೆ ಇಳಿದವು. ಅವತ್ತು ಬೆಳಗ್ಗೆಯಿಂದ ಮಧ್ಯಾಹ್ನ ಇಳಿಯುವವರೆಗೆ ಶೆಡ್ಡಿನ ತುಂಬ ಬಳೆಗಳ ಸದ್ದು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಅಕ್ಕ ತಲೆ ಎತ್ತಲಿಲ್ಲ. "ನಿದಾನಂಗಾ ತಲ್ಲೀ" ಎಂದು ಒಂದೊಂದಕ್ಕೂ ಹೇಳಿದರು. ಪಕ್ಕದಲ್ಲಿ ಗಂಡ ಕುಕ್ಕರಗಾಲಿನಲ್ಲಿ ಕುಳಿತು ಪೇಸ್ಟು ಕೊಟ್ಟ, ಬಟ್ಟೆ ಕೊಟ್ಟ, ಸೀಮೆಎಣ್ಣೆ ಕೊಟ್ಟ. ನನ್ನನ್ನು ಮಣೆಯ ಹತ್ತಿರಕ್ಕೂ ಬಿಡಲಿಲ್ಲ.

ನಡುವೆ ಉಸ್ತಾದರು ಒಂದೇ ಮಾತು ಕೇಳಿದರು. "ಎಷ್ಟು ವರ್ಷ?"

"ಒಂಬತ್ತು" ಎಂದ ಗಂಡ.

ಉಸ್ತಾದರು ಗಡ್ಡ ನೀವಿಕೊಂಡರು. ಆ ಒಂಬತ್ತು ವರ್ಷದಲ್ಲಿ ಅವರು ಅವನಿಗೆ ಎಷ್ಟು ಸಲ ಶಾಬಾಶ್ ಎಂದಿದ್ದರೋ, ನಾನೇ ಎಷ್ಟೋ ಸಲ ಕೇಳಿದ್ದೆ. ಮೋಸ ಹೋದೆನೆಂಬ ಸಿಟ್ಟೋ ಮತ್ತೇನೋ, ಆ ಮುಖದಿಂದ ತಿಳಿಯುವ ಹಾಗಿರಲಿಲ್ಲ.

ಎಂಟೂ ಮುಗಿದು, ತೊಳೆದು, ಅಕ್ಕ ಬೆರಳನ್ನು ಹಲ್ಲಿಗೆ ಉಜ್ಜಿ ನೋಡಿ ತಲೆಯಾಡಿಸಿದ ಮೇಲೆ ಗಂಡ ಸ್ಪ್ರಿಂಗು ಹಾಕಿದ. ಹೊಸ ಪತ್ರಿಕೆ ಹಾಸಿದರು. ಉಸ್ತಾದರು ಸೀಮೆಎಣ್ಣೆ ಹೊಯ್ದು, "ನಮಾಜ್ ಮುಗಿಸಿ ಬರ್ತೀನಿ. ಯಾರೂ ಮುಟ್ಟಬೇಡಿ" ಎಂದು ಹೋದರು. ಅವರು ಬರುವವರೆಗೆ ನಾವು ಮೂವರೂ ಆ ಪತ್ರಿಕೆಯನ್ನೇ ನೋಡುತ್ತ ಕುಳಿತೆವು. ಅಷ್ಟು ಏಕಾಗ್ರತೆಯಿಂದ ನಾನು ಜನ್ಮದಲ್ಲಿ ಪತ್ರಿಕೆ ಓದಿಲ್ಲ.

ಬಂದರು. ಬಗ್ಗಿ ಪತ್ರಿಕೆಯ ಮೇಲೆ ಅಂಗೈ ಆಡಿಸಿದರು. ಒಣಗಿತ್ತು. ಅದನ್ನು ಮಡಚಿ ಜುಬ್ಬದ ಜೇಬಿಗೆ ಹಾಕಿಕೊಂಡರು. ಬೀಗದ ಕೈಯನ್ನು ಮಾತ್ರ ತೆಗೆಯಲಿಲ್ಲ.

"ಹೆಡ್ಡು ಕೂರಿಸಿ. ನಾಳೆ ನಾನು ಪಾವಗಡಕ್ಕೆ ಇದೇ ಗಾಡೀಲಿ ಹೋಗ್ತೀನಿ. ಓಡೋವಾಗ ಏನು ಹೇಳ್ತದೋ ಕೇಳ್ತೀನಿ" ಎಂದರು.

ಅಕ್ಕ ಕೈ ತೊಳೆಯಲು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಉಸ್ತಾದರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದೆಂದರೆ ಡ್ರೈವರುಗಳಿಗೆ ನಡುಕ. ಅವರು ಪ್ರಯಾಣ ಮಾಡುತ್ತಿರಲಿಲ್ಲ, ಎಂಜಿನ್ನನ್ನು ವಿಚಾರಣೆ ಮಾಡುತ್ತಿದ್ದರು. ಹಿಂದಿನ ಸೀಟಿನ ಅಂಚಿಗೆ ಕೂತು, ಕಿವಿ ಮುಂದಕ್ಕೆ ಚಾಚಿ, ಹತ್ತು ನಿಮಿಷಕ್ಕೊಮ್ಮೆ ಡ್ರೈವರಿನ ಭುಜ ತಟ್ಟುತ್ತಿದ್ದರು. "ಮೂರನೇದು ಸೋರ್ತಾ ಇದೆ, ಕೇಳಿಸ್ತಾ?" "ಟೈಮಿಂಗ್ ಮುಂದಕ್ಕಿದೆ, ನಿಲ್ಲಿಸು." ಮಗಳ ಮದುವೆಗೆ ಹೋಗುವಾಗಲೂ ನಡುದಾರಿಯಲ್ಲಿ ಬಾನೆಟ್ ತೆಗೆಸಿದ್ದರಂತೆ. ಓಡುವ ಗಾಡಿಯಲ್ಲಿ ಅವರು ರೆಪ್ಪೆ ಮುಚ್ಚಿದ್ದನ್ನು ಕಂಡವರಿಲ್ಲ.

ಮರುದಿನ ಬೆಳಗ್ಗೆ ಹೊರಟೆವು. ಡಿಕ್ಕಿಯಲ್ಲಿ ಅವರ ಟ್ರಂಕು, ಹಾಸಿಗೆ. ಗಂಡ ಹೆಂಡತಿ ಹೊಂಗೆ ಮರದ ಕೆಳಗೆ ನಿಂತಿದ್ದರು. ಬಡವನಹಳ್ಳಿ ಬರುವವರೆಗೆ ನನ್ನ ಬೆನ್ನು ಬೆವರಿ ಅಂಗಿ ಸೀಟಿಗೆ ಅಂಟಿತ್ತು. ಹಿಂದಿನಿಂದ ಕೈ ಬಂದು ಭುಜ ತಟ್ಟುತ್ತದೆ, ಈಗ ತಟ್ಟುತ್ತದೆ ಎಂದು ಕಾಯುತ್ತಲೇ ಓಡಿಸಿದೆ. ಟ್ಯಾಪೆಟ್ಟು ಹದವಾಗಿ ಟಿಕಟಿಕ ಎನ್ನುತ್ತಿತ್ತು. ಮಧುಗಿರಿ ಬಂತು, ಬೆಟ್ಟ ಹಿಂದೆ ಸರಿಯಿತು. ಭುಜ ಭುಜವಾಗಿಯೇ ಇತ್ತು. ಮಿಡಿಗೇಶಿ ಹತ್ತಿರ ಏರು ಬಂದಾಗ ನನ್ನ ಗಾಡಿ ಟಾಪ್ ಗೇರಿನಲ್ಲೇ, ಗೊಣಗದೆ ಹತ್ತಿತು. ಈಗಲಾದರೂ ಒಂದು ಮಾತು ಬರಬಹುದೆಂದು ಕನ್ನಡಿಯಲ್ಲಿ ನೋಡಿದೆ. ಎರಡು ಸಲ ನೋಡಿದೆ. ನಂಬಿಕೆಯಾಗದೆ ಗಾಡಿ ನಿಧಾನ ಮಾಡಿ, ಹಿಂದಕ್ಕೆ ತಿರುಗಿಯೇ ನೋಡಿದೆ.

ಪಾವಗಡದಲ್ಲಿ ಮಗಳ ಮನೆ ಮುಂದೆ ಗಾಡಿ ನಿಂತಾಗ ಉಸ್ತಾದರು ಟೋಪಿ ಸರಿಮಾಡಿಕೊಂಡು ಇಳಿದರು. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು. "ಅವನಿಗೆ ಕೊಡಬೇಡ. ಆ ಬೇಟಿ ಕೈಗೇ ಕೊಡು" ಎಂದರು. ಮೊಮ್ಮಕ್ಕಳ ಕಡೆ ನಡೆದರು.

ಹಿಂದಕ್ಕೆ ಬರುವಾಗ ಯಾವ ಊರು ಬಂತೋ ಯಾವುದು ಹೋಯಿತೋ ನೆನಪಿಲ್ಲ. ಶಿರಾ ತಲುಪಿದಾಗ ಇನ್ನೂ ಬಿಸಿಲಿತ್ತು. ಅಕ್ಕ ಶೆಡ್ಡಿನ ಮುಂದೆ ಕಸ ಗುಡಿಸುತ್ತಿದ್ದರು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದ್ದರು ಎಂದು ನೆಲ ನೋಡಿದರೆ ತಿಳಿಯುತ್ತಿತ್ತು. ನಾನು ಇಳಿದು ಬೀಗದ ಕೈ ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ.

"ಏರಲ್ಲಿ ಏನಂದ್ರು?" ಎಂದು ಕೇಳಿದರು.

"ಏನೂ ಅನ್ನಲಿಲ್ಲ ಅಕ್ಕ."

"ಏನೂ ಅಂದ್ರೆ? ಭುಜ ತಟ್ಟಲಿಲ್ವಾ?"

"ನಿದ್ದೆ ಮಾಡ್ತಿದ್ರು."

ಅಕ್ಕನ ಕೈಯಿಂದ ಪೊರಕೆ ಬಿತ್ತು. ಒಳಗೆ ತಿರುಗಿ, "ಏಯ್, ಕೇಳುಸ್ಕಂಡ್ಯಾ? ಉಸ್ತಾದ್ರು ಮಲೀಕಂಡಿದ್ರಂತೆ! ಗಾಡೀಲಿ ಮಲೀಕಂಡಿದ್ರಂತೆ!" ಎಂದು ಕೂಗಿದರು. ಗಂಡ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಓಡಿಬಂದ. ನನ್ನ ತೋಳು ಹಿಡಿದು ಅಲ್ಲಾಡಿಸಿದ.

"ನಿಜ ಹೇಳಣ್ಣ" ಎಂದರು ಅಕ್ಕ. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಎಲ್ಲೀಗಂಟ ಮಲಗಿದ್ರು?"

"ಮಿಡಿಗೇಶಿಯಿಂದ ಪಾವಗಡದಗಂಟ. ನಾನೇ ಎಬ್ಬಿಸ್ದೆ."

ಆಗ ಬೀಗದ ಕೈಗೆ ಕೈ ಚಾಚಿದರು.